ಬೆಳಗಿನ ಜಾವ ಚಿಂವ್‌ಗುಡುವ ಹೊಗೆ ಅಲಾರಾಂ: ಬ್ಯಾಟರಿ ತೆಗೆದಿಟ್ಟರೆ ಆಯಿತೇ?

ಪ್ರಶ್ನೆ: ಶಿರಸಿ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ, ತೋಟದ ಮೇಲೆ ನಮ್ಮ ಹೆಂಚಿನ ಮನೆ. ಅಮೆರಿಕದಲ್ಲಿರುವ ಮಗ ಬಂದಾಗ ಮೂರು ಹೊಗೆ ಅಲಾರಾಂ ತಂದು ಹಾಕಿಹೋದ. ಅಡುಗೆಮನೆಯದು ಒಗ್ಗರಣೆ ಹಾಕಿದರೆ ಸಾಕು, ಕೂಗುತ್ತದೆ. ಬಚ್ಚಲಮನೆ ಬಾಗಿಲಿನದು ಮಳೆಗಾಲವಿಡೀ ಕಾಟ ಕೊಟ್ಟಿತು. ಮಲಗುವ ಕೋಣೆ ಹೊರಗಿನದು ಚಳಿ ಬಿದ್ದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಚಿಂವ್ ಚಿಂವ್ ಅನ್ನುತ್ತದೆ, ಬಿಸಿಲೇರಿದರೆ ಸುಮ್ಮನಾಗುತ್ತದೆ. ನಮ್ಮನೆಯವರು ಬೇಸತ್ತು ಮೂರರ ಬ್ಯಾಟರಿಯನ್ನೂ ತೆಗೆದಿಟ್ಟಿದ್ದಾರೆ. ಒಂದರ ಹಿಂದೆ ವಿಕಿರಣದ ಗುರುತು ಬೇರೆ ಇದೆ. ಮಾವನವರಿಗೆ 84 ವರ್ಷ, ಕಿವಿ ಮಂದ. ಹುಟ್ಟಿದಾರಭ್ಯ ಒಲೆ ಹೊಗೆಯಲ್ಲೇ ಬದುಕಿದ ನಮಗೆ ಇದು ಬೇಕೇ?

ಉತ್ತರ: ಅಕ್ಕ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಮಲಗುವ ಕೋಣೆ ಹೊರಗಿನ ಅಲಾರಾಮಿಗೆ ಬ್ಯಾಟರಿ ಹಾಕಿ ಬನ್ನಿ. ಹಳೆಯದೇ ಆದರೂ ಇವತ್ತಿನ ರಾತ್ರಿಗೆ ಇರಲಿ. ನಾಳೆ ಪೇಟೆಗೆ ಹೋದವರ ಹತ್ತಿರ ಹೊಸದು ತರಿಸಿ.

ಅದಕ್ಕೆ ಏನೂ ಆಗಿಲ್ಲ. ಬ್ಯಾಟರಿ ಮುಗಿಯುತ್ತಾ ಬಂದಿದೆ, ಅಷ್ಟೇ. ಚಳಿಯಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಮುಗಿಯುತ್ತಾ ಬಂದ ಬ್ಯಾಟರಿ ಹಗಲಿನ ಬಿಸಿಗೆ ಹೇಗೋ ದಿನ ತಳ್ಳುತ್ತಿರುತ್ತದೆ. ಮನೆಯೊಳಗೆ ಅತಿ ತಂಪಾಗುವ ಮೂರು ನಾಲ್ಕು ಗಂಟೆಯ ಹೊತ್ತಿಗೆ ಅಲಾರಾಮಿಗೆ ಬೇಕಾದ ಮಟ್ಟಕ್ಕಿಂತ ಕೆಳಗಿಳಿದು, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಚಿಂವ್ ಅನ್ನಿಸುತ್ತದೆ. ಬಿಸಿಲು ಬಂದರೆ ಮತ್ತೆ ಸುಧಾರಿಸಿಕೊಳ್ಳುತ್ತದೆ. ‘ಹಗಲು ಸರಿ ಇದೆಯಲ್ಲ’ ಎಂದು ಬಿಟ್ಟವರ ಮನೆಯಲ್ಲಿ ಮರುದಿನವೂ ಅದೇ ಹೊತ್ತಿಗೆ ನಿದ್ದೆಗೇಡು. ಬೆಂಕಿ ಕಂಡಾಗಿನ ಕೂಗು ಇದಲ್ಲ. ಅದು ನಿಲ್ಲದೆ, ಕಿವಿ ಚುಚ್ಚುವ ಹಾಗೆ ಬರುತ್ತದೆ. ಇದು ‘ನನಗೆ ಹೊಟ್ಟೆಗೆ ಹಾಕಿ’ ಎಂಬ ಕೂಗು.

ಚೌಕಾಕಾರದ 9 ವೋಲ್ಟ್ ಬ್ಯಾಟರಿ ಆದರೆ ಆಲ್ಕಲೈನ್ ಎಂದು ಬರೆದದ್ದನ್ನೇ ಕೇಳಿ ತರಿಸಿ. ಆಟಿಕೆಗೆ ಹಾಕುವ ಅಗ್ಗದ್ದು ಬಹಳ ದಿನ ಬಾಳುವುದಿಲ್ಲ, ಚಾರ್ಜ್ ಮಾಡುವಂಥದ್ದೂ ಇದಕ್ಕೆ ಬೇಡ. ಹೊಸ ಬ್ಯಾಟರಿ ಹಾಕುವ ಮೊದಲು ಹಳೆಯದನ್ನು ತೆಗೆದು, ಪರೀಕ್ಷೆಯ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಹೊಸದು ಹಾಕಿದ ಮೇಲೂ ಚಿಂವ್‌ಗುಟ್ಟಿದರೆ ಅಲಾರಾಮಿನ ಬೆನ್ನು ತಿರುಗಿಸಿ ತಯಾರಾದ ದಿನಾಂಕ ನೋಡಿ. ನೀವು ಹಾಕಿದ ದಿನವಲ್ಲ, ತಯಾರಾದ ದಿನ. ಅಲ್ಲಿಂದ 10 ವರ್ಷಕ್ಕೆ ಅದರ ಆಯುಷ್ಯ ಮುಗಿಯಿತು. ಕೂಗು ಗಟ್ಟಿಯಾಗಿಯೇ ಬಂದರೂ ಹೊಗೆ ಗುರುತಿಸುವ ಭಾಗವನ್ನು ಆಮೇಲೆ ನಂಬುವ ಹಾಗಿಲ್ಲ. ಬದಲಾಯಿಸಲೇಬೇಕು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ: ಹೊಗೆಯಲ್ಲೇ ಬದುಕಿದವರಿಗೆ ಇದು ಬೇಕೇ? ಹೊಗೆಯಲ್ಲೇ ಬದುಕಿದವರಿಗೇ ಹೆಚ್ಚು ಬೇಕು. ಅಗ್ನಿಶಾಮಕ ದಳದಲ್ಲಿ ಘಟ್ಟದ ಮೇಲೂ ಕೆಳಗೂ ಕೆಲಸ ಮಾಡಿ ನಿವೃತ್ತನಾದವನು ನಾನು. ಒಂದು ಮನೆಯ ಕಥೆ ಹೇಳುತ್ತೇನೆ.

ಡಿಸೆಂಬರ್ ತಿಂಗಳು, ಅಡಿಕೆ ಬೇಯಿಸುವ ದಿನಗಳು. ಆ ಮನೆಯವರು ಸಂಜೆ ಒಲೆಯ ಬೂದಿ ತೆಗೆದು ಹೆಡಿಗೆಗೆ ತುಂಬಿ, ಬೆಳಿಗ್ಗೆ ಗೊಬ್ಬರಗುಂಡಿಗೆ ಹಾಕಿದರಾಯಿತೆಂದು ಕಟ್ಟಿಗೆ ರಾಶಿಯ ಪಕ್ಕದಲ್ಲಿಟ್ಟಿದ್ದರು. ಮೇಲೆ ಕೈಯಿಟ್ಟು ನೋಡಿದ್ದರಂತೆ, ತಣ್ಣಗಿತ್ತಂತೆ. ಬೂದಿಯ ಹೊಟ್ಟೆಯಲ್ಲಿರುವ ಕೆಂಡಕ್ಕೆ ಗಾಳಿ ತಾಗುವುದಿಲ್ಲ, ಶಾಖವೂ ಹೊರಗೆ ಹೋಗುವುದಿಲ್ಲ. ಹಾಗಾಗಿ ಮರುದಿನ, ಅದರ ಮರುದಿನದವರೆಗೂ ಅದು ಜೀವಂತ ಇರಬಲ್ಲದು. ಮೊದಲು ಹೆಡಿಗೆಯ ಬಿದಿರು ಉರಿ ಏಳದೆ ಒಳಗೊಳಗೇ ಸುಡುತ್ತಾ ಕನಲಿತು, ಆಮೇಲೆ ಪಕ್ಕದ ಅಡಿಕೆ ಸಿಪ್ಪೆ, ಆಮೇಲೆ ಕಟ್ಟಿಗೆ. ಆ ಮನೆಯ ಅಜ್ಜಿಗೆ ನಡುರಾತ್ರಿ ಮಂಪರಿನಲ್ಲಿ ಹೊಗೆ ವಾಸನೆ ಬಂದಿತ್ತು. ಬಚ್ಚಲೊಲೆಯದ್ದಿರಬೇಕು ಎಂದುಕೊಂಡು ಕಂಬಳಿ ಮೇಲೆಳೆದುಕೊಂಡರು. ಉಳಿದವರಿಗೆ ಅದೂ ತಿಳಿಯಲಿಲ್ಲ. ಎಲ್ಲರಿಗೂ ಎಚ್ಚರವಾದದ್ದು ಹೆಂಚು ಪಟಪಟ ಸಿಡಿಯತೊಡಗಿದಾಗ. ದನಗಳ ಹಗ್ಗ ಬಿಚ್ಚುವಷ್ಟು ಹೊತ್ತು ಸಿಕ್ಕಿತು, ಜೀವಕ್ಕೆ ಅಪಾಯ ಆಗಲಿಲ್ಲ. ನಾವು ಮುಟ್ಟಿದಾಗ ಗಾಡಿ ಹಳ್ಳದ ಆಚೆಗೇ ನಿಂತಿತು. ಮನೆಗೆ ಇದ್ದದ್ದು ಕಾಲುಸಂಕ ಮಾತ್ರ. ಹೋಸು ಹೊತ್ತು ನಡೆದೆವು. ಕೊಟ್ಟಿಗೆಯ ಮಾಡು ಅಷ್ಟರಲ್ಲಿ ನೆಲ ಕಂಡಿತ್ತು.

ಪೇಟೆಯ ಮನೆಯಲ್ಲಿ ಹೊಗೆ ವಾಸನೆ ಬಂದರೆ ಜನ ಎದ್ದು ಹುಡುಕುತ್ತಾರೆ. ನಮ್ಮಲ್ಲಿ ಒಲೆ, ಹಂಡೆ, ಧೂಪ, ಸೊಳ್ಳೆ ಬತ್ತಿ, ತೋಟದಲ್ಲಿ ಸುಡುವ ಕಸ, ಒಂದಲ್ಲ ಒಂದು ಹೊಗೆ ಇದ್ದೇ ಇರುತ್ತದೆ. ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಾಢ ನಿದ್ದೆಯಲ್ಲಂತೂ ಯಾರ ಮೂಗನ್ನೂ ನಂಬುವಂತಿಲ್ಲ, ಕಿವಿ ಎಚ್ಚರಿಸಿದ ಹಾಗೆ ಮೂಗು ಎಚ್ಚರಿಸುವುದಿಲ್ಲ. ಸಾಲದ್ದಕ್ಕೆ, ಕನಲುವ ಬೆಂಕಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮಲಗಿದವರನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ಅಲಾರಾಂ ಇರುವುದು ಎಚ್ಚರವಿದ್ದವರಿಗಲ್ಲ, ಮಲಗಿದವರಿಗೆ. ಇದೊಂದನ್ನು ಹಿಡಿದುಕೊಂಡರೆ ನಿಮ್ಮ ಮೂರು ಅಲಾರಾಂಗಳಲ್ಲಿ ಯಾವುದು ಎಲ್ಲಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಅಡುಗೆಮನೆಯದನ್ನು ಇವತ್ತೇ ಇಳಿಸಿ. ಅದರ ತಪ್ಪಿಲ್ಲ, ಹಾಕಿದ ಜಾಗ ತಪ್ಪು. ಒಲೆಯಿಂದ ಕನಿಷ್ಠ 3 ಮೀಟರ್ ದೂರದಲ್ಲಿರಬೇಕಾದದ್ದು ಒಗ್ಗರಣೆಯ ನೆತ್ತಿಯ ಮೇಲೆ ಕೂತಿದೆ. ಅಡುಗೆಮನೆಗೆ ಏನಾದರೂ ಬೇಕೇ ಬೇಕೆಂದರೆ ಶಾಖದ ಅಲಾರಾಂ ಎಂದು ಬೇರೆಯೇ ಸಿಗುತ್ತದೆ. ಅದು ಹೊಗೆಯನ್ನು ನೋಡುವುದಿಲ್ಲ, ಸುತ್ತಲಿನ ಗಾಳಿ ಸುಮಾರು 57 ಡಿಗ್ರಿಗೆ ಏರಿದಾಗ ಕೂಗುತ್ತದೆ. ಮೆಣಸು ಹುರಿದರೂ ದೋಸೆ ಸೀದರೂ ಅದಕ್ಕೆ ಸಂಬಂಧವಿಲ್ಲ.

ಬಚ್ಚಲಮನೆ ಬಾಗಿಲಿನದಕ್ಕೆ ಮಳೆಗಾಲದಲ್ಲಿ ಏನಾಯಿತು ಎಂದು ತಿಳಿಯಲು ಅದರ ಒಳಗೆ ಸ್ವಲ್ಪ ಇಣುಕಬೇಕು. ಈ ಅಲಾರಾಂಗಳಲ್ಲಿ ಎರಡು ಜಾತಿ. ಬೆಳಕಿನದರಲ್ಲಿ ಒಂದು ಕತ್ತಲೆ ಗೂಡು, ಅದರೊಳಗೆ ಒಂದು ಪುಟ್ಟ ದೀಪ, ಅದಕ್ಕೆ ಓರೆಯಾಗಿ ಒಂದು ಕಣ್ಣು. ಮಾಮೂಲಿಯಾಗಿ ದೀಪದ ಬೆಳಕು ಕಣ್ಣಿಗೆ ಬೀಳುವುದಿಲ್ಲ. ಹೊಗೆಯ ಕಣ ಒಳಬಂದರೆ ಬೆಳಕು ಅದಕ್ಕೆ ತಾಗಿ ಚೆದುರಿ ಕಣ್ಣಿಗೆ ಬೀಳುತ್ತದೆ, ಆಗ ಕೂಗು. ಹಂಡೆಯ ಹಬೆಯ ಹನಿಗೂ ಬೆಳಕು ಚೆದುರುತ್ತದೆ, ಗೂಡಿನೊಳಗೆ ಬಲೆ ಕಟ್ಟಿದ ಜೇಡಕ್ಕೂ ಚೆದುರುತ್ತದೆ. ಅದಕ್ಕೆ ಹೊಗೆಗೂ ಹಬೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಆಷಾಢದಲ್ಲಿ ನಮ್ಮ ಹೆಂಚಿನ ಸಂದಿಯಿಂದ ಮಂಜೇ ಒಳಗೆ ಬರುವಾಗ, ಬಿಸಿನೀರ ಬಾಗಿಲಲ್ಲಿ ಅದು ಕೂಗದಿದ್ದರೇ ಆಶ್ಚರ್ಯ.

ಎರಡನೇ ಜಾತಿಯದ್ದು ನಿಮ್ಮಲ್ಲಿರುವ ವಿಕಿರಣದ ಗುರುತಿನದು. ಕೈಗಾ ಅಣುಸ್ಥಾವರ ಇರುವ ಜಿಲ್ಲೆಯವರಾದ ನಮಗೆ ಆ ಗುರುತು ಕಂಡರೆ ಮನಸ್ಸು ಅಳುಕುವುದು ಸಹಜ. ಅದರೊಳಗೆ ಅಮೆರಿಸಿಯಂ-241 ಎಂಬ ವಸ್ತು, ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರುತ್ತದೆ. ಅದು ಹೊರಸೂಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದ ಕೂಡ ತಡೆಯುತ್ತದೆ. ಆ ಕಣಗಳಿಂದ ಗೂಡಿನ ಗಾಳಿಯಲ್ಲಿ ಸಣ್ಣದೊಂದು ವಿದ್ಯುತ್ ಹರಿಯುತ್ತಿರುತ್ತದೆ, ಹೊಗೆ ಬಂದರೆ ಅದು ಕುಗ್ಗುತ್ತದೆ. ಗೋಡೆಯ ಮೇಲಿದ್ದರೆ ಯಾರಿಗೂ ತೊಂದರೆಯಿಲ್ಲ. ಬಿಚ್ಚಬೇಡಿ, ಒಡೆಯಬೇಡಿ, ಹಾಳಾಯಿತೆಂದು ಪ್ಲಾಸ್ಟಿಕ್ ಕಸದ ಜೊತೆ ಬಚ್ಚಲೊಲೆಗಂತೂ ಹಾಕಲೇಬೇಡಿ. ಅವಧಿ ಮುಗಿದಾಗ ಮಗನ ಕೈಯಲ್ಲೇ ವಾಪಸು ಕಳಿಸಿಬಿಡಿ. ಧಗಧಗ ಉರಿಯುವ ಬೆಂಕಿಯನ್ನು ಈ ಜಾತಿ ಬೇಗ ಹಿಡಿಯುತ್ತದೆ. ಹಾಸಿಗೆ, ಬೂದಿ, ಸಿಪ್ಪೆ, ವೈರಿನ ರಬ್ಬರ್, ಹೀಗೆ ಗಂಟೆಗಟ್ಟಲೆ ಕನಲುವುದನ್ನು ಬೆಳಕಿನದು ಬೇಗ ಹಿಡಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ರಾತ್ರಿ ಬೆಂಕಿ ಹೆಚ್ಚಾಗಿ ಕನಲಿಯೇ ಶುರುವಾಗುವುದನ್ನು ಕಂಡವನಾದ್ದರಿಂದ, ಮಲಗುವ ಜಾಗಕ್ಕೆ ಬೆಳಕಿನದೇ ಇರಲಿ ಎನ್ನುತ್ತೇನೆ. ಹೊಸದು ಕೊಳ್ಳುವಾಗ ಫೋಟೋಎಲೆಕ್ಟ್ರಿಕ್ ಅಥವಾ ಆಪ್ಟಿಕಲ್ ಎಂದು ಬರೆದಿದೆಯೇ, ಇಎನ್ 14604 (ಯುರೋಪಿನದು) ಅಥವಾ ಯುಎಲ್ 217 (ಅಮೆರಿಕದ್ದು) ಎಂಬ ಗುಣಮಟ್ಟದ ಗುರುತಿದೆಯೇ ನೋಡಿ.

ಮಗನಿಗೆ ಒಂದು ಮಾತು ತಿಳಿಸಿಬಿಡಿ. ಅಮೆರಿಕದಲ್ಲಿ ಮನೆಯ ಕರೆಂಟಿಗೇ ಜೋಡಿಸುವ ಅಲಾರಾಂಗಳೂ ಇವೆ. ಅವು ಅಲ್ಲಿನ 120 ವೋಲ್ಟಿಗೆ ಮಾಡಿದವು, ನಮ್ಮ 230ಕ್ಕೆ ಕೊಟ್ಟರೆ ಬೆಂಕಿ ತಪ್ಪಿಸಬೇಕಾದದ್ದೇ ಸುಡುತ್ತದೆ. ಬ್ಯಾಟರಿಯದನ್ನೇ ತರಲಿ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿಗೆ ಅದೇ ಸರಿ.

ಹಾಗಾದರೆ ಎಲ್ಲಿ ಹಾಕುವುದು? ಕೆಳಗೆ ಮಲಗುವ ಕೋಣೆಗೆ ಹಲಗೆಯ ಮುಚ್ಚಿಗೆ ಇದ್ದರೆ ಅದರ ನಡುವಿಗೆ. ಗೋಡೆಯೂ ಮುಚ್ಚಿಗೆಯೂ ಸೇರುವ ಮೂಲೆಯಲ್ಲಿ ಗಾಳಿ ನಿಂತಲ್ಲೇ ನಿಂತಿರುತ್ತದೆ, ಹೊಗೆ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಮೂಲೆಯಿಂದ 10 ಸೆಂಟಿಮೀಟರಾದರೂ ಈಚೆ ಇರಲಿ. ಮುಚ್ಚಿಗೆಯಿಲ್ಲದ, ನೇರ ಹೆಂಚೇ ಕಾಣುವ ಕಡೆ ಮಾಡಿನ ನೆತ್ತಿಯ ಹತ್ತಿರ, ಆದರೆ ತೀರಾ ತುದಿಯ 10 ಸೆಂಟಿಮೀಟರು ಬಿಟ್ಟು. ಹೆಂಚಿನ ಸಂದಿಯಿಂದ ಹೊಗೆ ಸೋರಿಹೋಗುವುದರಿಂದ ಅಂಥ ಕಡೆ ಅಲಾರಾಂ ತಡವಾಗಿ ಕೂಗಬಹುದು. ಅದಕ್ಕೇ ನಾನು ಮುಚ್ಚಿಗೆಯ ಕೆಳಗಿನದಕ್ಕೆ ಮೊದಲ ಸ್ಥಾನ ಕೊಡುವುದು. ನಿಮ್ಮ ಮನೆಗೆ ನನ್ನ ಲೆಕ್ಕ ಹೀಗೆ: ಒಂದು ನಿಮ್ಮ ಕೋಣೆಯ ಹೊರಗೆ ಈಗಿರುವಲ್ಲೇ. ಅಡುಗೆಮನೆಯಿಂದ ಇಳಿಸಿದ್ದು ಮಾವನವರ ಕೋಣೆಯ ಒಳಗೆ. ಬಚ್ಚಲಿನದು ಅಟ್ಟಕ್ಕೆ ಹತ್ತುವ ಏಣಿಯ ತಲೆಯಲ್ಲಿ. ಅಟ್ಟದ ಮೇಲೆ ಅಡಿಕೆ ಮೂಟೆ, ಹಳೆಯ ಚಾಪೆ, ಇಲಿ ಕಡಿದ ವೈರು ಎಲ್ಲ ಇರುತ್ತವೆ, ಮನುಷ್ಯರು ಮಾತ್ರ ವಾರಕ್ಕೊಮ್ಮೆಯೂ ಹತ್ತುವುದಿಲ್ಲ. ಆದರೆ ಅಟ್ಟದ ಕೂಗು ಕೆಳಗೆ ಮಲಗಿದವರಿಗೆ ಕೇಳಬೇಕು, ಅದನ್ನು ಪರೀಕ್ಷಿಸಿಯೇ ಹಾಕಿ. ಒಂದು ಕೂಗಿದರೆ ಎಲ್ಲವೂ ಕೂಗುವ, ತಂತಿಯಿಲ್ಲದೆ ಜೋಡಣೆಯಾಗುವ ಅಲಾರಾಂಗಳಿವೆ. ದಪ್ಪ ಮಣ್ಣಿನ ಗೋಡೆಯ ದೊಡ್ಡ ಮನೆಗೆ ಅಂಥವು ದುಡ್ಡಿಗೆ ಮೋಸವಿಲ್ಲ.

ಮಾವನವರ ಕಿವಿಯ ವಿಷಯ ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಮಾಮೂಲಿ ಅಲಾರಾಂ 3 ಮೀಟರ್ ದೂರದಲ್ಲಿ 85 ಡೆಸಿಬೆಲ್ ಕೂಗುತ್ತದೆ, ಸದ್ದು ಸಾಕಷ್ಟು ದೊಡ್ಡದೇ. ಆದರೆ ಸ್ವರ 3000 ಹರ್ಟ್ಸ್ ಸುಮಾರಿನ ಕೀರಲು ಸ್ವರ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಎತ್ತರದ ಸ್ವರಗಳನ್ನೇ. ಮಾತು ಕೇಳುವ ಅಜ್ಜನಿಗೆ ಅಲಾರಾಂ ಕೇಳದೇ ಹೋಗುವುದು ಹೀಗೆ. 520 ಹರ್ಟ್ಸಿನ ತಗ್ಗು ಸ್ವರದಲ್ಲಿ ಕೂಗುವ ಅಲಾರಾಂಗಳು, ದಿಂಬಿನಡಿ ಇಟ್ಟರೆ ಅದುರಿ ಎಬ್ಬಿಸುವವು ಹೊರದೇಶದಲ್ಲಿ ಸಿಗುತ್ತವೆ. ಮಗ ಮುಂದಿನ ಸಲ ಬರುವಾಗ ಬೇರೇನೂ ತರದಿದ್ದರೂ ಇದೊಂದನ್ನು ತರಲಿ. ಅಲ್ಲಿಯವರೆಗೆ ಅಲಾರಾಂ ಕೂಗಿದರೆ ಅಜ್ಜನನ್ನು ಎಬ್ಬಿಸಿ ಹೊರಗೆ ಕರೆತರುವವರು ಇಂಥವರೇ ಎಂದು ಮನೆಯಲ್ಲಿ ಹೆಸರು ಹಿಡಿದು ಹೇಳಿಟ್ಟಿರಿ. ‘ಯಾರಾದರೂ ಕರೆತರುತ್ತಾರೆ’ ಎಂದುಕೊಂಡ ಕಡೆ ಯಾರೂ ಹೋಗಿರುವುದಿಲ್ಲ.

ನೋಡಿಕೊಳ್ಳುವ ಕೆಲಸ ಬಹಳವಿಲ್ಲ. ತಿಂಗಳಿಗೊಮ್ಮೆ ಕೋಲಿನ ತುದಿಯಿಂದಾದರೂ ಗುಂಡಿ ಒತ್ತಿ, ಕೂಗು ಬರುವವರೆಗೆ ಹಿಡಿಯಿರಿ. ಆದರೆ ಈ ಗುಂಡಿ ಬ್ಯಾಟರಿ, ಒಳಗಿನ ಸರ್ಕ್ಯೂಟು, ಕೂಗು ಸರಿಯಿದೆ ಎಂದಷ್ಟೇ ಹೇಳುತ್ತದೆ. ಹೊಗೆ ಒಳಹೋಗುವ ಸಂದಿ ತೆರೆದಿದೆಯೇ ಎಂಬುದನ್ನು ನಿಮ್ಮ ಕಣ್ಣೇ ನೋಡಬೇಕು. ಒಲೆ ಇರುವ ಮನೆಯಲ್ಲಿ ಇಲ್ಲಣ, ಅಂದರೆ ಹೊಗೆಯ ಮಸಿ, ಎಲ್ಲಿ ಬೇಕಾದರೂ ಜೋತಾಡುತ್ತದೆ, ಅಲಾರಾಮಿನ ಸುತ್ತಿನ ಸಂದಿಗಂತೂ ಅಂಟಿಕೊಂಡೇ ಇರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಒಣಗಿದ ಮೆತ್ತನೆ ಬ್ರಷ್ಷಿನಿಂದ ಸುತ್ತಲೂ ಗುಡಿಸಿ. ನೀರು, ಸೋಪು ಬೇಡ. ಹೊರಗಡೆಯನ್ನು ಬೇಕಾದರೆ ಹಿಂಡಿದ ಬಟ್ಟೆಯಿಂದ ಒರೆಸಿ. ಊದುಬತ್ತಿ ಹಿಡಿದು ಪರೀಕ್ಷಿಸುವ ಅಭ್ಯಾಸ ಹಲವರಿಗಿದೆ, ಅದರ ಎಣ್ಣೆಯ ಜಿಡ್ಡು ಒಳಗೇ ಕೂರುತ್ತದೆ, ಮಾಡಬೇಡಿ. ಸುಣ್ಣ ಬಣ್ಣ ಮಾಡುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ, ಕೆಲಸ ಮುಗಿದ ಸಂಜೆಯೇ ಬಿಚ್ಚಿ. ಚೀಲ ಕಟ್ಟಿದ ಅಲಾರಾಂ ವರ್ಷಗಟ್ಟಲೆ ಹಾಗೇ ಇದ್ದದ್ದನ್ನು ನಾನು ಕಂಡಿದ್ದೇನೆ.

ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಸಮುದ್ರಕ್ಕೆ ಹತ್ತಿರವಿರುವವರಿಗೆ ಬೇರೆ ಕಷ್ಟ. ಉಪ್ಪುಗಾಳಿಗೆ ಬ್ಯಾಟರಿ ಕೂರುವ ತಗಡಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅಲಾರಾಂ ಸತ್ತಂತಿದ್ದರೆ ಅಲ್ಲಿ ನೋಡಿ, ಒಣ ಬಟ್ಟೆಯಿಂದ ತಿಕ್ಕಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆರೆದು ನೋಡುವುದು ಅಲ್ಲಿ ಅಗತ್ಯ. ಫ್ಲ್ಯಾಟಿನಲ್ಲಿರುವವರು ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಕೆಳಗೆ ಚಾರ್ಜಿಗಿಟ್ಟು ಮಲಗಬೇಡಿ. ಅಲ್ಲಿ ಬೆಂಕಿ ಬಿದ್ದರೆ ಇಡೀ ಕಟ್ಟಡಕ್ಕೆ ಇರುವ ಒಂದೇ ದಾರಿ ಹೊಗೆ ತುಂಬಿದ ಚಿಮಣಿಯಾಗುತ್ತದೆ.

ಹೊಗೆ ಅಲಾರಾಂ ಎಲ್ಲವನ್ನೂ ಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಅಡುಗೆ ಗ್ಯಾಸ್ ಸೋರಿದರೆ ಅದಕ್ಕೆ ತಿಳಿಯದು. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ನೆಲ ಹಿಡಿದು ಹರಡುತ್ತದೆ. ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿ. ರಬ್ಬರ್ ನಳಿಗೆಯ ಮೇಲಿನ ದಿನಾಂಕ ನೋಡಿ 5 ವರ್ಷಕ್ಕೆ ಬದಲಿಸಿ, ಇಲಿ ಕಡಿದ ಗುರುತು ಕಂಡರೆ ಅವತ್ತೇ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ ಆರಿಸುವುದೂ ಬೇಡ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಚಳಿಗೆ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗುವುದು, ಕಿಟಕಿಯಿಲ್ಲದ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕುವುದು, ಈ ಎರಡರಲ್ಲಿ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಅಲಾರಾಂ ಸುಮ್ಮನೆ ನೋಡುತ್ತಿರುತ್ತದೆ. ಗೀಸರೂ ಸಿಲಿಂಡರೂ ಹೊರಗಿರಲಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ.

ನಿಮ್ಮ ಮನೆಯಲ್ಲಿ ಬೆಂಕಿ ಎಲ್ಲಿಂದ ಬರಬಹುದು ಎಂದು ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಸುತ್ತಿ ಬನ್ನಿ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ಹಾಕಿ, ಮನೆಯಿಂದಲೂ ಕಟ್ಟಿಗೆಯಿಂದಲೂ ದೂರವಿಟ್ಟು, ನೀರು ಚಿಮುಕಿಸಿ. ಮಳೆಗಾಲದಲ್ಲಿ ಒಲೆಯ ಮೇಲೆ ದಾರ ಕಟ್ಟಿ ಬಟ್ಟೆ ಒಣಗಿಸುತ್ತೇವಲ್ಲ, ರಾತ್ರಿ ಆ ದಾರದಲ್ಲಿ ಏನೂ ಇರಬಾರದು, ಒಣಗಿದ ಪಂಚೆ ಜಾರಿ ಕೆಂಡದ ಮೇಲೆ ಬೀಳಲು ಗಾಳಿಯೇ ಬೇಕಾಗಿಲ್ಲ. ಹಳೆಯ ಫ್ಯೂಸಿಗೆ ಯಾರೋ ದಪ್ಪ ತಾಮ್ರದ ತಂತಿ ಸುತ್ತಿಟ್ಟಿದ್ದರೆ ತೆಗೆಸಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿಸಿ, ಜೊತೆಗೆ ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಬೇಡವೇ ಬೇಡ. ನೀರು ಎಣ್ಣೆಯ ತಳಕ್ಕೆ ಇಳಿದು ಒಮ್ಮೆಲೇ ಸುಮಾರು 1700 ಪಟ್ಟು ಹಿಗ್ಗಿ ಹಬೆಯಾಗುತ್ತದೆ, ಉರಿಯುವ ಎಣ್ಣೆ ಮಾಡಿನವರೆಗೆ ಹಾರುತ್ತದೆ. ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ, ತಣಿಯುವವರೆಗೆ ತೆರೆಯಬೇಡಿ.

ಕಟ್ಟಿಗೆ, ಸಿಪ್ಪೆ, ಬಟ್ಟೆಯ ಬೆಂಕಿಗೆ ಮಾತ್ರ ನೀರೇ ಸರಿ, ನಿಮ್ಮಲ್ಲಿ ಗುಡ್ಡದಿಂದ ತಾನಾಗಿ ಇಳಿದುಬರುವ ಅಬ್ಬಿ ನೀರಿದ್ದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ, ಕರೆಂಟು ಹೋದರೂ ಬರುತ್ತದೆ. ಕೊಟ್ಟಿಗೆಯವರೆಗೆ ಮುಟ್ಟುವಷ್ಟು ಉದ್ದದ ಪೈಪನ್ನು ನಲ್ಲಿಗೆ ಸಿಕ್ಕಿಸಿಯೇ ಇಡಿ. ಬೆಂಕಿ ಆಳೆತ್ತರ ಮೀರಿದ್ದರೆ ಅದನ್ನೂ ಬಿಟ್ಟು ಹೊರಗೆ ಬನ್ನಿ. 112 ಅಥವಾ 101ಕ್ಕೆ ಹೇಳುವಾಗ ಕಾಲುಸಂಕ ಇರುವುದನ್ನೂ ಹೇಳಿ. ನಿಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗ ಯಾವುದು ಎಂದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಈಗ ಬ್ಯಾಟರಿ ತೆಗೆದಿಟ್ಟ ಭಾವನವರ ವಿಷಯ. ಅವರ ಮೇಲೆ ಸಿಟ್ಟಾಗಬೇಡಿ, ದಿನಕ್ಕೆರಡು ಸಲ ಸುಳ್ಳು ಕೂಗುವುದನ್ನು ಯಾರೂ ಸಹಿಸುವುದಿಲ್ಲ. ಜಾಗ ಬದಲಿಸಿದರೆ ಸುಳ್ಳು ಕೂಗು ನಿಲ್ಲುತ್ತದೆ. ಹೊಸ ಬ್ಯಾಟರಿಯನ್ನು ಅವರ ಕೈಯಿಂದಲೇ ಹಾಕಿಸಿ, ಹಾಕಿದ ತಾರೀಕನ್ನು ಅಲಾರಾಮಿನ ಬದಿಗೆ ಅವರ ಅಕ್ಷರದಲ್ಲೇ ಬರೆಸಿ. ಆಮೇಲೆ ಒಂದು ಮಧ್ಯಾಹ್ನ ಮಾವನವರು ಊಟ ಮಾಡಿ ಮಲಗಿರುವಾಗ, ಮೊದಲೇ ಅವರಿಗೊಂದು ಮಾತು ಹೇಳಿಟ್ಟು, ಬಾಗಿಲು ಎಳೆದುಕೊಂಡು ಹೊರಗಿನ ಅಲಾರಾಮಿನ ಗುಂಡಿ ಒತ್ತಿ. ಅವರು ಏಳುತ್ತಾರೋ ನೋಡಿ. ಏಳದಿದ್ದರೆ ಒಳಗಿನದನ್ನು ಒತ್ತಿ. ಅದಕ್ಕೂ ಏಳದಿದ್ದರೆ ಮಗನಿಗೆ ಅವತ್ತು ರಾತ್ರಿಯೇ ಫೋನ್ ಮಾಡಿ, ಆ ತಗ್ಗು ಸ್ವರದ್ದನ್ನು ತಾನು ಬರುವವರೆಗೆ ಕಾಯದೆ ಕಳಿಸಿಕೊಡಲಿ.